ಅಲಾರಂ ಬಡಿಯದ ಕೆಲಸಗಳು

ಪ್ರಶ್ನೆ: ನಮ್ಮ ಐಸಿಯುವಿನಲ್ಲಿ ಇಂಜೆಕ್ಷನ್, ಡ್ರಿಪ್ ಒಂದೂ ತಪ್ಪುವುದಿಲ್ಲ. ಆದರೆ ಮಗ್ಗುಲು ಬದಲಿಸುವುದು, ಬಾಯಿ ಸ್ವಚ್ಛ ಮಾಡುವುದು ಪಾಳಿ ಮುಗಿದರೂ ಉಳಿದೇ ಇರುತ್ತವೆ. ಇದು ನಿರ್ಲಕ್ಷ್ಯವೇ? ಸರಿಪಡಿಸುವುದು ಹೇಗೆ?
– ನರ್ಸ್‌ಗಳ ಒಬ್ಬ ಪಾಳಿ ಮೇಲ್ವಿಚಾರಕಿ

ಉತ್ತರ: ಬಹುಪಾಲು ಅಲ್ಲ. ಪಂಪ್ ನಿಂತರೆ ಅಲಾರಂ ಬಡಿಯುತ್ತದೆ, ಬಾಯಿ ಒಣಗಿದರೆ ಯಾವುದೂ ಬಡಿಯುವುದಿಲ್ಲ. ಕೈ ಸಾಲದಾಗ ಸದ್ದಿಲ್ಲದ ಕೆಲಸವೇ ಮೊದಲು ಹಿಂದೆ ಬೀಳುತ್ತದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಬಿಯಾಟ್ರಿಸ್ ಕಾಲಿಷ್ 2006ರಲ್ಲಿ ವಾರ್ಡುಗಳಲ್ಲಿ ಪದೇ ಪದೇ ತಪ್ಪಿಹೋಗುವ ಕೆಲಸಗಳನ್ನು ಗುರುತಿಸಿದಾಗ ಆ ಪಟ್ಟಿಯಲ್ಲೂ ಮಗ್ಗುಲು ಬದಲಿಸುವುದು, ಶುಚಿತ್ವ, ಮೈಗೆ ಹೋದ ಮತ್ತು ಹೊರಬಂದ ದ್ರವದ ಲೆಕ್ಕ, ಧೈರ್ಯ ಹೇಳುವುದು ಇದ್ದವು. ಪೂರ್ತಿ ಬಿಟ್ಟದ್ದಷ್ಟೇ ಅಲ್ಲ, ಅರ್ಧ ಮಾಡಿದ್ದು, ತಡವಾಗಿ ಮಾಡಿದ್ದು ಕೂಡ ಈ ಲೆಕ್ಕಕ್ಕೇ ಸೇರುತ್ತದೆ.

ಮಗ್ಗುಲು ಬದಲಿಸುವುದು ತಪ್ಪಲು ಮುಖ್ಯ ಕಾರಣ, ಅದು ಒಬ್ಬರ ಕೆಲಸವಲ್ಲ. ವೆಂಟಿಲೇಟರ್ ಇದ್ದರೆ ಉಸಿರಾಟದ ಟ್ಯೂಬ್ ಹಿಡಿಯಲು ಒಬ್ಬರು, ಮೈ ಹೊರಳಿಸಲು ಇಬ್ಬರು ಬೇಕು. 'ಯಾರಾದರೂ ಬನ್ನಿ' ಎಂದು ಕರೆದರೆ ಯಾರೂ ಬರುವುದಿಲ್ಲ. ಪಾಳಿ ಶುರುವಿನಲ್ಲೇ ಹೊರಳಿಸುವ ಜೋಡಿಯನ್ನೂ ಟ್ಯೂಬ್ ಹಿಡಿಯುವವರನ್ನೂ ಗೊತ್ತುಮಾಡಿ, 2 ಗಂಟೆಗೊಮ್ಮೆ ಅವರೇ ಹಾಸಿಗೆಯಿಂದ ಹಾಸಿಗೆಗೆ ಹೋಗಲಿ. ಪೂರ್ತಿ 90 ಡಿಗ್ರಿ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಒತ್ತಿದರೂ ಬಿಳುಪಾಗದ ಕೆಂಪು ಕಂಡರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು ಆಗಲೇ ಶುರುವಾಗಿದೆ. ಬೆನ್ನಿನ ಕೆಳಭಾಗವನ್ನು ಎಲ್ಲರೂ ನೋಡುತ್ತಾರೆ. ಟ್ಯೂಬ್ ಕಟ್ಟಿದ ಪಟ್ಟಿಯ ಅಡಿ, ಮಾಸ್ಕ್ ಕೂರುವ ಮೂಗಿನ ಸೇತುವೆ, ತಲೆಯ ಹಿಂಭಾಗ ಮರೆತುಹೋಗುತ್ತವೆ.

ಬಾಯಿಯ ಆರೈಕೆ ಉಳಿದುಹೋಗುವುದು ಹೆಚ್ಚಾಗಿ ಸಾಮಾನು ಹುಡುಕುವ ಬೇಸರಕ್ಕೆ. ಮೃದು ಬ್ರಷ್, ಸಕ್ಷನ್ ಕ್ಯಾತಿಟರ್ (ಜೊಲ್ಲು, ಕಫ ಹೀರುವ ನಳಿಕೆ), ತುಟಿಗೆ ಹಚ್ಚುವ ಮುಲಾಮು ಪ್ರತಿ ಹಾಸಿಗೆಯ ಪಕ್ಕದಲ್ಲೇ ಇರಲಿ. ಮೊದಲು ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತಿದೆಯೇ, ಕಫ್‌ನ (ಟ್ಯೂಬಿನ ತುದಿಯ ಬಳಿ ಉಬ್ಬಿಸುವ ಗಾಳಿಚೀಲದ) ಒತ್ತಡ 20–30 ಸೆಂ.ಮೀ. ನೀರಿನಷ್ಟಿದೆಯೇ ನೋಡಿ. ಕಫ್ ಸಡಿಲವಿದ್ದರೆ ಬಾಯಲ್ಲಿ ನಿಂತದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಬಾಯಿ, ಗಂಟಲು ಹೀರಿ, ಬ್ರಷ್ ಮಾಡಿ, ಮತ್ತೆ ಹೀರಿ. ಬ್ರಷ್ ದಿನಕ್ಕೆ ಕನಿಷ್ಠ 2 ಬಾರಿ, ತುಟಿ ಬಾಯಿ ಒದ್ದೆ ಮಾಡುವುದು 2–4 ಗಂಟೆಗೊಮ್ಮೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು ಬ್ರಷ್‌ಗೆ ಸಮವಲ್ಲ. ಹಲ್ಲಿನ ಪಾಚಿ ಅದಕ್ಕೆ ಕಿತ್ತುಬರುವುದಿಲ್ಲ.

ಪ್ರಶ್ನೆ: ನಿದ್ರೆಯ ಔಷಧಿಯಲ್ಲಿರುವವರ ಕಣ್ಣಿಗೆ ದಿನಾ ಏನಾದರೂ ಮಾಡಬೇಕೆ?

ಉತ್ತರ: ಖಂಡಿತ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗಿ ಗಾಯವಾಗುತ್ತದೆ. ಟಾರ್ಚ್ ಹಿಡಿದು ನೋಡಿ. ರೆಪ್ಪೆ ಮುಚ್ಚಿದ್ದರೆ ಸ್ವಚ್ಛ ಮಾಡಿದರೆ ಸಾಕು. ಬಿಳಿಭಾಗ ಕಂಡರೆ ವೈದ್ಯರು ಬರೆದ ತೇವದ ಮುಲಾಮು ಹಾಕಿ. ಕಪ್ಪುಭಾಗವೇ ಕಂಡರೆ ಮುಲಾಮಿನ ಜೊತೆ ರೆಪ್ಪೆ ಮುಚ್ಚಿ ಟೇಪ್ ಹಾಕಬೇಕು.

ಪ್ರಶ್ನೆ: ಮಾಡಲಾಗದ ಕೆಲಸವನ್ನು ಚಾರ್ಟ್‌ನಲ್ಲಿ ಹೇಗೆ ತೋರಿಸುವುದು? ಖಾಲಿ ಬಿಟ್ಟರೆ ಬೈಗುಳ ಖಚಿತ.

ಉತ್ತರ: ಬೈಗುಳಕ್ಕೆ ಹೆದರಿ ಹಾಕಿದ ಸುಳ್ಳು ಟಿಕ್‌ನಿಂದ ಮುಂದಿನ ಪಾಳಿಯವರು ಮೋಸಹೋಗುತ್ತಾರೆ. ಆಗಲೇ ಆಗಿದೆ ಎಂದುಕೊಂಡು ಅವರೂ ಬಿಡುತ್ತಾರೆ. ಹೊತ್ತು, ಕಾರಣ, ಬದಲಿಗೆ ಮಾಡಿದ್ದು ಇಷ್ಟನ್ನು ಬರೆಯಿರಿ: 'ರಾತ್ರಿ 2ಕ್ಕೆ ಮಗ್ಗುಲು ಬದಲಿಸಿಲ್ಲ. ಬಿಪಿ ಕುಸಿದಿತ್ತು. ವೈದ್ಯರಿಗೆ ತಿಳಿಸಿದೆ. ಹಿಮ್ಮಡಿ ಎತ್ತಿಟ್ಟು, ತಲೆಯನ್ನು ಸ್ವಲ್ಪ ಹೊರಳಿಸಿದೆ. 3ಕ್ಕೆ ಮತ್ತೆ ನೋಡಬೇಕು.' ಹ್ಯಾಂಡೋವರ್‌ನಲ್ಲಿ, ಅಂದರೆ ಮುಂದಿನ ಪಾಳಿಗೆ ರೋಗಿಯನ್ನು ಒಪ್ಪಿಸುವಾಗ, ಇದನ್ನೇ ಹಾಸಿಗೆಯ ಪಕ್ಕ ನಿಂತು ಬಾಯಲ್ಲೂ ಹೇಳಿ.