ಬೈಸಿಕೊಳ್ಳುವುದಕ್ಕಾ ಇಂಟರ್ನ್‌ಶಿಪ್?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ, ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಸೇರಿದೆ. ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಪೇಪರ್‌ಗಳಲ್ಲಿ ಕ್ಲೈಂಟ್ ಸುದ್ದಿ ಹುಡುಕುವುದು, ಎಕ್ಸೆಲ್ ತುಂಬುವುದು, ಆಮೇಲೆ ವರದಿಗಾರರಿಗೆ ಫೋನ್ ಮಾಡಿ ‘ಸರ್, ಪ್ರೆಸ್ ನೋಟ್ ಬಂತಾ?’ ಅನ್ನುವುದು. ಇಷ್ಟೇ ಕೆಲಸ. ಮೊನ್ನೆ ಒಬ್ಬರು ‘ಇದು ಸುದ್ದಿ ಅಲ್ಲಮ್ಮ, ಜಾಹೀರಾತು ವಿಭಾಗಕ್ಕೆ ಕೊಡಿ’ ಎಂದು ಫೋನ್ ಇಟ್ಟರು. ಇಂಗ್ಲಿಷ್ ಸರಾಗವಾಗಿ ಬರಲ್ಲ ಅಂತ ನನ್ನನ್ನು ಕ್ಲೈಂಟ್ ಮೀಟಿಂಗ್‌ಗೆ ಕರೆಯುವುದಿಲ್ಲ. ‘ಕನ್ನಡ ಪೇಪರ್ ನೀನು ನೋಡ್ಕೋ’ ಅನ್ನುತ್ತಾರೆ. ಈಗ ಅದೇ ಸ್ಟೈಪೆಂಡ್‌ಗೆ ಇನ್ನೂ ಆರು ತಿಂಗಳು ಇರು ಎನ್ನುತ್ತಿದ್ದಾರೆ. ಅಪ್ಪ, ‘ಸಾಕು, ಬಂದು ಬಿ.ಇಡಿ. ಮಾಡು’ ಎನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮೊದಲು ಆ ವರದಿಗಾರರ ಮಾತು. ನಿಮಗೆ ನೋವಾಗಿದೆ, ನಿಜ. ಆದರೆ ಆ ಪ್ರೆಸ್ ನೋಟನ್ನು ಇನ್ನೊಮ್ಮೆ ತೆಗೆದು ಓದಿ. ಅದರಲ್ಲಿ ಓದುಗನಿಗೆ ಬೇಕಾದ ಒಂದಾದರೂ ವಿಷಯ ಇತ್ತಾ? ಇರಲಿಲ್ಲ ಅಂದರೆ ಅವರು ಹೇಳಿದ್ದು ಸರಿ, ಹೇಳಿದ ರೀತಿ ಮಾತ್ರ ಒರಟು.

ಸುದ್ದಿಯೋ ಜಾಹೀರಾತೋ ಎಂಬ ಈ ಜಗಳ ಪಿಆರ್ ಕಸುಬಿನಷ್ಟೇ ಹಳೆಯದು. 1906ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರ ಹೋರಾಟ ನಡೆದಿತ್ತು. ಆಗ ಗಣಿ ಮಾಲೀಕರ ಪರ ಕೆಲಸ ಮಾಡುತ್ತಿದ್ದ ಐವಿ ಲೀ, ಸಂಪಾದಕರಿಗೆ ಒಂದು ಹೇಳಿಕೆ ಕಳಿಸಿದ. ನಮ್ಮ ಕೆಲಸವೆಲ್ಲ ಬಹಿರಂಗ, ನಾವು ಕೊಡುವುದು ಸುದ್ದಿ, ಇದು ಜಾಹೀರಾತಿಗೆ ಹೋಗಬೇಕಾದದ್ದು ಅನ್ನಿಸಿದರೆ ಬಳಸಲೇಬೇಡಿ ಎಂಬುದು ಅದರ ಸಾರ. ಲೀ ಏನೂ ಸಂತನಲ್ಲ, ಅವನನ್ನು ಬೈದವರೂ ಬೇಕಾದಷ್ಟು ಜನ. ಆದರೂ ಪತ್ರಕರ್ತನಾಗಿದ್ದು ಈ ಕಡೆ ಬಂದ ಅವನಿಗೆ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಸುದ್ದಿ ಆರಿಸಿ ತಿದ್ದುವವರ ತಲೆಯಲ್ಲಿ ಏನು ಓಡುತ್ತದೆ ಅಂತ ಗೊತ್ತಿತ್ತು. ನೀವೂ ಪತ್ರಿಕೋದ್ಯಮ ಓದಿದವರು, ಅಲ್ವಾ? ಓದಿದ್ದನ್ನು ಫೋನ್ ಎತ್ತುವ ಮೊದಲು ಬಳಸಿ.

ಹೇಗೆ ಅಂದರೆ, ನಿಮ್ಮ ಕ್ಲೈಂಟ್ ಹುಬ್ಬಳ್ಳಿಯಲ್ಲಿ ಒಂದು ಶಾಖೆ ತೆರೆಯುತ್ತಾರೆ ಅಂತಿಟ್ಟುಕೊಳ್ಳಿ. ಹುಬ್ಬಳ್ಳಿ ಆವೃತ್ತಿಯವರಿಗೆ ಎಂಡಿ ಸಾಹೇಬರ ಹರ್ಷ ಬೇಕಿಲ್ಲ. ಶಾಖೆ ಎಲ್ಲಿ, ಎಂದಿನಿಂದ, ಊರಿನ ಎಷ್ಟು ಜನಕ್ಕೆ ಕೆಲಸ, ಇಷ್ಟು ಬೇಕು. ಅದನ್ನು ಮೊದಲ ಎರಡು ಸಾಲಿಗೆ ತನ್ನಿ. ‘ಬಂತಾ?’ ಎಂದು ಕೇಳುವುದನ್ನು ಬಿಟ್ಟೇಬಿಡಿ. ದಿನಕ್ಕೆ ಹತ್ತಾರು ಜನ ಅದನ್ನೇ ಕೇಳುತ್ತಾರೆ. ‘ಸರ್, ಅಲ್ಲಿನ ಮ್ಯಾನೇಜರ್ ಮಾತಾಡ್ತಾರೆ, ನಂಬರ್ ಕಳಿಸಲಾ? ಫೋಟೊ ಇದೆ’ ಅನ್ನಿ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಫೋನ್ ಬೇಡ. ಆ ಹೊತ್ತಿನಲ್ಲಿ ಮನೆಯವರು ಮಾಡಿದರೂ ಬೈಸಿಕೊಳ್ಳುತ್ತಾರೆ. ಇನ್ನೊಂದು, ಡೆಸ್ಕಿಗೆ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯೂನಿಕೋಡ್‌ನಲ್ಲಿ ಬೇಕೋ ಕೇಳಿಕೊಂಡು ಹಾಗೇ ಕಳಿಸಿ. ತೆರೆದಾಗ ಅಕ್ಷರವೆಲ್ಲ ಕಲಸಿಹೋಗಿದ್ದರೆ ಎಂಥ ಒಳ್ಳೆಯ ಸುದ್ದಿಯನ್ನೂ ಯಾರೂ ಓದುವುದಿಲ್ಲ.

ಕನ್ನಡ ಪೇಪರ್ ನಿಮಗೆ ಕೊಟ್ಟದ್ದು ಗೌರವದಿಂದಲ್ಲ, ಅದು ನನಗೂ ಗೊತ್ತು. ಆದರೆ ನೀವು ರಜೆ ಹಾಕಿದ ದಿನ ಆ ಕೆಲಸ ಯಾರು ಮಾಡುತ್ತಾರೆ ನೋಡಿ. ಬಹುಶಃ ಯಾರೂ ಮಾಡಲ್ಲ. ನಿಮ್ಮ ಸೀನಿಯರ್ ಹತ್ತಿರ ಎರಡು ವಿಷಯ ಕೇಳಿ. ಕನ್ನಡ ಪ್ರೆಸ್ ನೋಟನ್ನು ಇಂಗ್ಲಿಷಿನಿಂದ ಅನುವಾದಿಸದೆ ನಾನೇ ನೇರವಾಗಿ ಬರೆಯುತ್ತೇನೆ ಅನ್ನಿ. ತಿಂಗಳಿಗೊಂದು ಮೀಟಿಂಗ್‌ನಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಲು ಬಿಡಿ ಅನ್ನಿ.

ಇಂಗ್ಲಿಷ್ ವಿಷಯದಲ್ಲಿ ನಾನು ಸಮಾಧಾನದ ಮಾತು ಆಡುವುದಿಲ್ಲ. ಬೆಂಗಳೂರಿನ ಏಜೆನ್ಸಿಗಳಲ್ಲಿ ಸಂಬಳ ಏರುವುದು ಕ್ಲೈಂಟ್ ಎದುರು ಮಾತಾಡುವವರಿಗೇ. ಅದಕ್ಕೆ ನಿಮ್ಮ ಎಕ್ಸೆಲ್ಲನ್ನೇ ಹಿಡಿಯಿರಿ. ಸುದ್ದಿ ಎಷ್ಟು ಚದರ ಸೆಂಟಿಮೀಟರ್ ಬಂತು, ಅಷ್ಟು ಜಾಗಕ್ಕೆ ಜಾಹೀರಾತು ದರ ಎಷ್ಟು, ಎರಡನ್ನೂ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಅಂತ ತೋರಿಸುವುದು, ಇದನ್ನೇ ತಾನೇ ಮಾಡಿಸುತ್ತಿರುವುದು? ಆ ಲೆಕ್ಕ ಪಿಆರ್ ಕೆಲಸದ ಬೆಲೆಯಲ್ಲ ಎಂದು ಈ ಕ್ಷೇತ್ರದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಹೇಳಿಯಾಗಿದೆ. ಆದರೂ ಕ್ಲೈಂಟ್‌ಗಳಿಗೆ ದೊಡ್ಡ ಅಂಕಿ ನೋಡುವ ಆಸೆ ಹೋಗಿಲ್ಲ. ನೀವು ಎಕ್ಸೆಲ್ ಜೊತೆಗೆ ಪ್ರತಿ ಶುಕ್ರವಾರ ಹತ್ತು ಸಾಲಿನ ಇಂಗ್ಲಿಷ್ ಮೇಲ್ ಬರೆಯಿರಿ. ಈ ವಾರ ಕನ್ನಡ ಪತ್ರಿಕೆಗಳು ಕ್ಲೈಂಟ್ ಬಗ್ಗೆ ಏನಂದವು, ಯಾವ ಜಿಲ್ಲೆಯಲ್ಲಿ ದೂರು ಬಂತು, ಯಾವ ನೋಟ್ ಎಲ್ಲೂ ಬರಲಿಲ್ಲ, ಯಾಕೆ. ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಆ ಮೇಲ್ ಓದಿದ ಮೇಲೆ ನಿಮ್ಮನ್ನು ಮೀಟಿಂಗ್‌ಗೆ ಕರೆಯದೆ ಇರುವುದು ಅವರಿಗೇ ಕಷ್ಟವಾಗಬಹುದು.

ಇನ್ನು ‘ಮುಂದುವರಿ’ ಎನ್ನುವ ಆಫರ್. ನನ್ನ ಕೇಳಿದರೆ, ಬೇಡ. ಉಳಿದ ಎರಡು ತಿಂಗಳು ಪೂರ್ತಿ ಮಾಡಿ, ಅನುಭವ ಪತ್ರ ತೆಗೆದುಕೊಳ್ಳಿ. ಅದೇ ಹಣ, ಅದೇ ಕೆಲಸ ಅಂದರೆ ನೀವು ಕಲಿಯುವವರಲ್ಲ, ಅಗ್ಗದ ಉದ್ಯೋಗಿ. ಇರಬೇಕು ಅಂತ ಅವರಿಗೆ ನಿಜವಾಗಿ ಅನ್ನಿಸಿದ್ದರೆ ಹುದ್ದೆ, ಸಂಬಳ, ಸೇರುವ ದಿನ ಮೂರನ್ನೂ ಮೇಲ್‌ನಲ್ಲಿ ಬರೆದು ಕೊಡಲಿ. ‘ಆಮೇಲೆ ನೋಡೋಣ’ ಎಂಬ ಬಾಯಿಮಾತಿಗೆ ಕೂರಬೇಡಿ. ಈ ನಡುವೆ ನೀವು ಬರೆದು ಅಚ್ಚಾದ ನೋಟ್‌ಗಳ ಕ್ಲಿಪ್ಪಿಂಗ್ ಒಂದು ಕಡೆ ಜೋಡಿಸಿಡಿ. ವರದಿಗಾರರ ಹೆಸರು, ನಂಬರ್ ಇರುವ ಆಫೀಸಿನ ಮೀಡಿಯಾ ಲಿಸ್ಟ್ ಮಾತ್ರ ಕಾಪಿ ಮಾಡಿಕೊಂಡು ಹೊರಡಬೇಡಿ, ಅದು ಅವರ ಸೊತ್ತು. ಬೇರೆ ಏಜೆನ್ಸಿಗಳಷ್ಟೇ ಅಲ್ಲ, ಆಸ್ಪತ್ರೆ, ವಿಶ್ವವಿದ್ಯಾಲಯ, ಎನ್‌ಜಿಒಗಳಿಗೂ ಅರ್ಜಿ ಹಾಕಿ. ಜಿಲ್ಲೆಗಳ ಜನರ ಜೊತೆ ಕೆಲಸವಿರುವ ಕಡೆ ನಿಮ್ಮ ಕನ್ನಡಕ್ಕೆ ಬೆಲೆ ಜಾಸ್ತಿ.

ಅಪ್ಪನಿಗೆ ಸಿಟ್ಟಿರಲಿಕ್ಕಿಲ್ಲ, ಮಗಳು ಬೆಂಗಳೂರಲ್ಲಿ ಏನು ಮಾಡುತ್ತಿದ್ದಾಳೆ ಅಂತ ಅರ್ಥವಾಗಿಲ್ಲ ಅಷ್ಟೇ. ಊರಿಗೆ ಹೋದಾಗ ನೀವು ಬರೆದದ್ದು ಬಂದಿರುವ ಪೇಪರ್ ತೋರಿಸಿ, ಇಂಥ ತಿಂಗಳವರೆಗೆ ಕೆಲಸ ಹುಡುಕುತ್ತೇನೆ ಅಂತ ಒಂದು ಗಡುವನ್ನೂ ಹೇಳಿ. ಬಿ.ಇಡಿ. ಎರಡು ವರ್ಷದ ಓದು, ಸಿಟ್ಟಿನಲ್ಲಿ ಸೇರುವಂಥದ್ದಲ್ಲ. ಪಾಠ ಮಾಡುವ ಆಸೆ ನಿಮಗಿದ್ದರೆ ಅದು ಬೇರೆ ಮಾತು, ಆದರೆ ನಿಮ್ಮ ಪತ್ರದಲ್ಲಿ ಎಲ್ಲೂ ಅದು ನನಗೆ ಕಾಣಿಸಲಿಲ್ಲ.