ಗಾಡಿ ಬಿಡುವ ಮುನ್ನ: ಸಮುದ್ರ ಎಡಗಡೆಗಿರಲಿ

ಪ್ರಶ್ನೆ: ನಮಸ್ಕಾರ ಅಣ್ಣ. ನಾವು ಮಂಡ್ಯದ ಗುತ್ತಲು ಕಡೆಯವರು. ಸಂಕ್ರಾಂತಿ ಮುಗಿಸಿಕೊಂಡು ಐದು ದಿನ ಕರಾವಳಿ ಸುತ್ತೋಣ ಅಂತಿದ್ದೇವೆ. ನಾನು, ಹೆಂಡತಿ, ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮವ್ವ. ಅವ್ವನಿಗೆ ಅರವತ್ತೆಂಟು, ಮಂಡಿನೋವಿದೆ, ಇದುವರೆಗೆ ಸಮುದ್ರ ನೋಡಿಲ್ಲ. ಗಾಡಿ ಹತ್ತು ವರ್ಷದ ಹಳೇ ಸ್ವಿಫ್ಟ್. ನಮ್ಮ ಲೆಕ್ಕ ಹೀಗಿದೆ: ಮೊದಲ ದಿನ ಜೋಗ, ಎರಡನೇ ದಿನ ಕಾರವಾರ, ಹಾಗೇ ಗೋವಾ, ಮೂರನೇ ದಿನ ಗೋಕರ್ಣ, ಮುರ್ಡೇಶ್ವರ, ಕೊಲ್ಲೂರು, ನಾಲ್ಕನೇ ದಿನ ಉಡುಪಿ, ಮಂಗಳೂರು, ಧರ್ಮಸ್ಥಳ, ಐದನೇ ದಿನ ಮನೆ. ಸರಿಯಾಗುತ್ತಾ? ಇನ್ನೊಂದು ವಿಷಯ, ಅವ್ವನಿಗೆ ದಿನಕ್ಕೊಂದು ಹೊತ್ತಾದರೂ ಮುದ್ದೆ ಬೇಕು. ಆ ಕಡೆ ಸಿಗುತ್ತಾ?
— ಹೆಸರು ಹಾಕಬೇಡಿ ಅಂದವರು, ಮಂಡ್ಯ

ಉತ್ತರ: ಸ್ವಾಮಿ, ನಿಮ್ಮ ಪಟ್ಟಿ ಓದಿಯೇ ನನಗೆ ಸುಸ್ತಾಯಿತು. ಚುನಾವಣೆ ಪ್ರಚಾರಕ್ಕೆ ಹೊರಟವರ ಪಟ್ಟಿ ಇದ್ದ ಹಾಗಿದೆ. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದವನು ನಾನು. ಇಂಥ ಪಟ್ಟಿ ಕೈಲಿ ಹಿಡಿದು ಹತ್ತಿದವರನ್ನು ಬೇಕಾದಷ್ಟು ನೋಡಿದ್ದೇನೆ. ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಎಲ್ಲರಿಗೂ ನಿದ್ದೆ. ಸಮುದ್ರ ಹೇಗಿತ್ತು ಅಂತ ಕೇಳಿದರೆ, ಬಿಸಿಲು ಜಾಸ್ತಿ ಇತ್ತು ಅನ್ನುತ್ತಾರೆ, ಅಷ್ಟೇ.

ಗೋವಾ ತೆಗೆಯಿರಿ. ಕಾರವಾರವನ್ನೂ ತೆಗೆಯಿರಿ, ಹೊಟ್ಟೆ ಉರಿದರೂ ಪರವಾಗಿಲ್ಲ. ಕೊಲ್ಲೂರು, ಧರ್ಮಸ್ಥಳಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಉಳಿದದ್ದನ್ನು ಪೂರ್ತಿ ತಿರುಗಿಸಿ ಹಾಕಿ: ಮೊದಲು ಮಂಗಳೂರು, ಕೊನೆಗೆ ಜೋಗ.

ಯಾಕೆ ಅಂದರೆ, ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಸಮುದ್ರ ನಿಮ್ಮ ಎಡಗಡೆ. ನಾವು ಗಾಡಿ ಓಡಿಸುವುದೂ ಎಡಗಡೆಯಲ್ಲೇ. ಕಂಡಲ್ಲಿ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿದರೆ ಇಳಿದ ಕೂಡಲೇ ಮರಳು. ಆ ಕಡೆಯಿಂದ ಈ ಕಡೆ ಬಂದರೆ ಪ್ರತಿ ಸಲ ಯೂ ಟರ್ನ್ ಹುಡುಕಬೇಕು, ಇಲ್ಲ ಮಕ್ಕಳ ಕೈ ಹಿಡಿದು, ಮಂಡಿನೋವಿನ ಅವ್ವನನ್ನು ಕರೆದುಕೊಂಡು ನಾಲ್ಕು ಪಥದ ಹೆದ್ದಾರಿ ದಾಟಬೇಕು. ಲಾರಿಗಳು ನಿಮಗಾಗಿ ನಿಧಾನ ಮಾಡಲ್ಲ. ಇನ್ನೂ ಒಂದಿದೆ. ಮುಂದಿನ ಎಡ ಸೀಟಿನಲ್ಲಿ ಅವ್ವನನ್ನೇ ಕೂರಿಸಿ. ಕಾಲು ಚಾಚಲು ಜಾಗ, ಕಿಟಕಿಯಲ್ಲಿ ಸಮುದ್ರ. ನಿಮ್ಮ ಮನೆಯವರು ಎರಡು ದಿನ ಹಿಂದೆ ಕೂತರೆ ಏನೂ ಆಗಲ್ಲ.

ಒಂದು ಭ್ರಮೆಯನ್ನೂ ಈಗಲೇ ಬಿಡಿಸಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿ 66, ನಮ್ಮಂಥ ಹಳಬರ ಬಾಯಲ್ಲಿ ಇನ್ನೂ 17, ಉದ್ದಕ್ಕೂ ಸಮುದ್ರ ತೋರಿಸುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಇಲ್ಲ. ಮುಕ್ಕಾಲು ಪಾಲು ಕಾಣುವುದು ತೆಂಗಿನ ತೋಟ, ಪೇಟೆ, ಸೇತುವೆ, ಅಗೆದ ಗುಡ್ಡ. ಸಮುದ್ರ ಬೇಕಾದರೆ ಒಳರಸ್ತೆಗೆ ತಿರುಗಬೇಕು. ಅದಕ್ಕೇ ಊರಿನ ಲೆಕ್ಕ ಬಿಟ್ಟು ನಿಲ್ಲುವ ಜಾಗದ ಲೆಕ್ಕ ಇಟ್ಟುಕೊಳ್ಳಿ.

ಮೊದಲ ದಿನ ಬೆಳಗ್ಗೆ ಐದಕ್ಕೆ ಮನೆ ಬಿಡಿ. ಮೈಸೂರು, ಹುಣಸೂರು, ಕುಶಾಲನಗರ, ಮಡಿಕೇರಿ. ಮಂಡ್ಯದಿಂದ ಮಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್. ಮಡಿಕೇರಿ ದಾಟಿದ ಮೇಲೆ ಸಂಪಾಜೆ ಘಾಟಿ. ಹಳೇ ಗಾಡಿ, ಐದು ಜನ, ಡಿಕ್ಕಿ ತುಂಬ ಲಗೇಜು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ. ಇಂಜಿನ್ ಗಾಡಿಯನ್ನು ಹಿಡಿಯದೆ ಹೋದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಪ್ಯಾಡು ಕಾಯುತ್ತದೆ, ಆಮೇಲೆ ಎಷ್ಟು ತುಳಿದರೂ ಹಿಡಿಯಲ್ಲ. ಕ್ಲಚ್ ಸುಟ್ಟಂಥ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಕಾಫಿ ಕುಡಿಯಿರಿ. ಬಿಸಿ ಚಕ್ರಕ್ಕೆ ನೀರು ಮಾತ್ರ ಹೊಯ್ಯಬೇಡಿ.

ರಾತ್ರಿ ಮಂಗಳೂರು. ಸಂಜೆ ಪಣಂಬೂರಿಗೆ ಹೋಗೋಣ ಅಂತ ಮಕ್ಕಳು ಹಟ ಮಾಡುತ್ತಾರೆ. ನನ್ನ ಮಾತು ಕೇಳಿ, ಬೇಡ. ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುವವರಿಗೆ ಚುರುಮುರಿ ಗಾಡಿ, ಒಂಟೆ, ಗಲಾಟೆ ಮಧ್ಯೆ ತೋರಿಸಬೇಡಿ. ಮಾರನೇ ದಿನ ಬೆಳಗ್ಗೆ ಬೇಗ ಎದ್ದು ಕಾಪುವಿಗೆ ಕರೆದುಕೊಂಡು ಹೋಗಿ. 1901ರ ದೀಪಸ್ತಂಭ ಅಲ್ಲಿದೆ, ಕಪ್ಪು ಬಂಡೆ ಮೇಲೆ ನಿಂತಿದೆ. ಹತ್ತುವ ಗೋಜು ಅವ್ವನಿಗೆ ಬೇಡ, ಕೆಳಗೆ ಮರಳಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂರಿಸಿ. ಸ್ಟೂಲನ್ನು ಮನೆಯಿಂದಲೇ ತನ್ನಿ. ಇದು ಹಾಸ್ಯ ಅಲ್ಲ. ಮಂಡಿನೋವಿನವರು ಮರಳಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು.

ನಮ್ಮತ್ತೆಯನ್ನು ನಾನು ಹೀಗೇ ಕೂರಿಸಿದ್ದೆ. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಕೇಳಿದ್ದು, "ಇಷ್ಟು ನೀರು ಇಟ್ಕೊಂಡು ಉಪ್ಪು ಯಾಕೆ ಹಾಕಿದ ದೇವ್ರು?" ಕಾವೇರಿ ನಾಲೆ ನೀರಲ್ಲಿ ಬದುಕಿದವರು ಕೇಳುವ ಪ್ರಶ್ನೆ ಅಲ್ವಾ ಅದು.

ಕಾಪು ಆದಮೇಲೆ ಉಡುಪಿ, ಮಠದಲ್ಲಿ ಊಟ. ಅಲ್ಲಿಂದ ಕುಂದಾಪುರ ದಾಟಿ ಮರವಂತೆ. ಹೆದ್ದಾರಿಯಿಂದಲೇ ಸಮುದ್ರ ಕಾಣುವ ಜಾಗ ಇದು. ಎಡಗಡೆ ಅಲೆ, ಬಲಗಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ನಾಲ್ಕು ಗಂಟೆಗೆ ಮುಟ್ಟಿ, ಸೂರ್ಯ ಮುಳುಗುವ ತನಕ ಕದಲಬೇಡಿ. ಜನವರಿಯಲ್ಲಿ ಆರೂವರೆ ಒಳಗೆ ಮುಳುಗುತ್ತಾನೆ. ಕುಂದಾಪುರ ಅಥವಾ ಬೈಂದೂರಿನಲ್ಲಿ ರಾತ್ರಿ ಉಳಿಯಿರಿ. ಮೀನು ತಿನ್ನುವವರಾದರೆ ಬಂಗುಡೆ, ಕಾಣೆ. ಕೋಳಿ ಇಷ್ಟವಾದರೆ ಕುಂದಾಪುರದ ಕೋಳಿ ಸಾರು ತಪ್ಪಿಸಬೇಡಿ. ಖಾರ ಇರುತ್ತೆ, ಮಕ್ಕಳಿಗೆ ನೀರುದೋಸೆ ಜಾಸ್ತಿ ಹೇಳಿ.

ಮೂರನೇ ದಿನದಿಂದ ಕರಾವಳಿಯ ಮುಖವೇ ಬೇರೆ. ಮಂಗಳೂರಿನಲ್ಲಿ ಘಟ್ಟ ಎಲ್ಲೋ ದೂರದಲ್ಲಿರುತ್ತದೆ. ಉತ್ತರಕ್ಕೆ ಹೋದಷ್ಟೂ ಗುಡ್ಡ ಹತ್ತಿರ ಬರುತ್ತಾ ಬರುತ್ತಾ ಕೊನೆಗೆ ನೀರಿಗೇ ಕಾಲಿಡುತ್ತದೆ. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡದ ಮೇಲಿಂದ ನೋಡಿದರೆ ಇದು ಗೊತ್ತಾಗುತ್ತದೆ. ಮುರ್ಡೇಶ್ವರಕ್ಕೆ ಹತ್ತು ಗಂಟೆ ಒಳಗೆ ಹೋಗಿ. ಶಿವನ ಮೂರ್ತಿ 123 ಅಡಿ, ಗೋಪುರ ಇಪ್ಪತ್ತು ಅಂತಸ್ತು. ಅವ್ವನಿಗೆ ಸಂತೋಷದ ಸುದ್ದಿ ಏನು ಅಂದರೆ ಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ ಮೂರು ಕಡೆ ನೀರು ಕಾಣುತ್ತದೆ.

ಅಲ್ಲಿ ಮಕ್ಕಳನ್ನು ನೀರಿಗೆ ಬಿಡುವಾಗ ಹುಷಾರು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲ್ಲೇ ನೀರುಪಾಲಾದರು. ನಮ್ಮ ಕಡೆ ಮಕ್ಕಳಿಗೆ ನಾಲೆಯಲ್ಲಿ ಈಜಿದ ಧೈರ್ಯ ಇರುತ್ತೆ. ನಾಲೆ ನೀರು ಒಂದೇ ಕಡೆ ಎಳೆಯುತ್ತದೆ. ಸಮುದ್ರ ತಂದು ಹಾಕುತ್ತದೆ, ಆಮೇಲೆ ಕಾಲಡಿ ಮರಳನ್ನೂ ಸೇರಿಸಿ ವಾಪಸ್ ಎಳೆಯುತ್ತದೆ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡಬೇಡಿ. ಮಂಡಿ ಮಟ್ಟದ ನೀರು ಸಾಕು.

ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತದೆ. ಅದಕ್ಕೆ ಮೊದಲು ಕಾಸರಕೋಡು. ಬೀಚು ಬಹಳ ಚೆನ್ನಾಗಿದೆ, ಆದರೆ ಯಾವ ಬೀಚಿನಲ್ಲೂ ಗಾಡಿಯನ್ನು ಮರಳಿಗೆ ಇಳಿಸಬೇಡಿ. ನಾನು ಇಳಿಸಿದ್ದೆ, ಆ ಭಾಗದಲ್ಲೇ ಒಂದು ಕಡೆ. ಗಟ್ಟಿ ಇದೆ ಅನ್ನಿಸಿತು. ಹಿಂದಕ್ಕೆ ತೆಗೆಯಲು ಹೋದರೆ ಚಕ್ರ ಸುಮ್ನೆ ತಿರುಗುತ್ತಿದೆ, ಗಾಡಿ ಕೆಳಗೆ ಇಳಿಯುತ್ತಿದೆ. ಆಕ್ಸಿಲೇಟರ್ ಕೊಟ್ಟಷ್ಟೂ ಗುಂಡಿ ಆಳ. ಗಿರಾಕಿಗಳು ಇಳಿದು ಫೋಟೋ ತೆಗೆಯುತ್ತಿದ್ದಾರೆ, ಅತ್ತ ಅಲೆ ಒಂದೊಂದೇ ಗೇಣು ಹತ್ತಿರ ಬರುತ್ತಿದೆ. ಬಲೆ ಒಣಗಿಸುತ್ತಿದ್ದ ನಾಲ್ಕು ಜನ ಬಂದರು. ಮೊದಲು ನನ್ನ ಕಾಲು ಆಕ್ಸಿಲೇಟರಿನಿಂದ ತೆಗೆಸಿದರು. ಟೈರಿನ ಗಾಳಿ ಅರ್ಧಕ್ಕರ್ಧ ಬಿಡಿಸಿದರು, ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಗೆದರು, ಅಡಿಗೆ ತೆಂಗಿನ ಗರಿ ತುರುಕಿ ದೋಣಿ ಎಳೆಯುವ ಹಗ್ಗ ಕಟ್ಟಿದರು. ಹತ್ತು ನಿಮಿಷದಲ್ಲಿ ಗಾಡಿ ಮೇಲೆ. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ವಾಪಸ್ ಬಂದ ಮೇಲೆ ಗಾಡಿ ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಸಿ ಅಂದರು. ನಿಮಗೂ ಅದೇ ಹೇಳುತ್ತೇನೆ, ಮರಳಿಗೆ ಇಳಿಸದಿದ್ದರೂ ತೊಳೆಸಿ. ಉಪ್ಪುಗಾಳಿ ಸಾಕು ತುಕ್ಕು ಹಿಡಿಯೋಕೆ.

ಆ ರಾತ್ರಿ ಕುಮಟಾ. ನಾಲ್ಕನೇ ದಿನ ಬೆಳಗ್ಗೆ ಮಿರ್ಜಾನ್ ಕೋಟೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಅದರ ಮೇಲೆ ಹಸಿರು ಹುಲ್ಲು, ಹತ್ತಿರದಲ್ಲೇ ಅಘನಾಶಿನಿ ನದಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿ ಅಂತ ಕರೆಯುತ್ತಿದ್ದರು. ಆಮೇಲೆ ಗೋಕರ್ಣದ ಓಂ ಬೀಚು. ಕೆಳಗೆ ಇಳಿಯಲು ಮೆಟ್ಟಿಲುಗಳಿವೆ, ಅವ್ವ ಮೇಲೆಯೇ ಕೂರಲಿ. ಓಂ ಆಕಾರ ಕಾಣುವುದೂ ಮೇಲಿಂದಲೇ. ಕೆಳಗೆ ಹೋದವರಿಗೆ ಬರೀ ಬಂಡೆ ಕಾಣುತ್ತೆ. ಆ ಬಂಡೆ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ಹಾಕಿಕೊಂಡು ಸೆಲ್ಫಿಗೆ ಹತ್ತಬೇಡಿ.

ಒಂದು ಗಂಟೆಗೆ ಗೋಕರ್ಣ ಬಿಟ್ಟರೆ ಹೊನ್ನಾವರಕ್ಕೆ ಹಿಂದಿರುಗಿ, ಗೇರುಸೊಪ್ಪೆ ಮೇಲೆ ಘಾಟಿಯನ್ನು ಬೆಳಕಿನಲ್ಲೇ ಹತ್ತಬಹುದು. ಜೋಗದ ಆಳ 253 ಮೀಟರ್ ನಿಜ, ಜನವರಿಯಲ್ಲಿ ನೀರು ಕಮ್ಮಿ. ಬಂಡೆ ನೋಡಿಕೊಂಡು ಸಾಗರದಲ್ಲಿ ಮಲಗಿ. ಐದನೇ ದಿನ ಶಿವಮೊಗ್ಗ, ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ, ನಾಗಮಂಗಲ, ಮನೆ.

ಇನ್ನು ಮುದ್ದೆ. ಸಂಪಾಜೆ ಇಳಿದ ಮೇಲೆ ಹುಡುಕಬೇಡಿ, ಸಿಕ್ಕರೆ ಅವ್ವನ ಪುಣ್ಯ. ರಾಗಿ ಹುರಿಹಿಟ್ಟು ಎರಡು ಕೆಜಿ ಮನೆಯಿಂದ ತಗೊಂಡು ಹೋಗಿ. ಹೋಟೆಲಿನಲ್ಲಿ ಬಿಸಿಹಾಲು ಇಲ್ಲ ಮಜ್ಜಿಗೆ ತರಿಸಿ ಕಲಸಿಕೊಟ್ಟರೆ ಬೆಳಗ್ಗೆ ಹೊತ್ತು ಕಳೆಯುತ್ತದೆ. ಊಟಕ್ಕೆ ಕೂತಾಗ ಬೆಳ್ತಿಗೆ ಅನ್ನ ಅಂತ ಕೇಳಿ, ನಮ್ಮ ಕಡೆಯ ಬಿಳಿ ಅನ್ನ ಬರುತ್ತದೆ. ಸುಮ್ಮನಿದ್ದರೆ ಕುಚ್ಚಲಕ್ಕಿ ಅನ್ನ ಬಡಿಸಬಹುದು. ದಪ್ಪ ಕಾಳು, ಒಳ್ಳೆಯದೇ, ಆದರೆ ರೂಢಿ ಇಲ್ಲದವರು ಅಗಿಯುತ್ತಾ ಕೂರಬೇಕು.

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಇಬ್ಬರೂ ಗಾಡಿ ಓಡಿಸುತ್ತೇವೆ. ಕರಾವಳಿಯ ಮಳೆ ನೋಡಲೇಬೇಕು ಅಂತ ಜುಲೈನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಹೋಗುವ ಆಸೆ. ಎಲ್ಲರೂ ಬೇಡ ಅನ್ನುತ್ತಿದ್ದಾರೆ. ನೀವೇನು ಹೇಳುತ್ತೀರಿ?
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಅಕ್ಕಾ, ಎಲ್ಲರ ಜೊತೆ ನನ್ನನ್ನೂ ಸೇರಿಸಿಕೊಳ್ಳಿ. ಇಬ್ಬರು ಹೆಂಗಸರು ಅಂತ ಹೇಳುತ್ತಿಲ್ಲ, ಹತ್ತು ಗಂಡಸರಿದ್ದರೂ ಇದೇ ಮಾತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಇಳಿಯಿತು. ರಸ್ತೆ ಬದಿ ಚಹಾ ಕುಡಿಯಲು ನಿಲ್ಲುವಂಥ ಜಾಗ ಅದು. ಮೂರೇ ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನಮ್ಮ ಮಡಿಕೇರಿ–ಸಂಪಾಜೆ ರಸ್ತೆಯೂ 2018ರ ಆಗಸ್ಟಿನಲ್ಲಿ ಕುಸಿದು ಮುಚ್ಚಿತ್ತು. ರಸ್ತೆಗೆ ಅಂತ ಗುಡ್ಡದ ಬುಡ ಕಡಿದ ಮೇಲೆ ಮೇಲಿನ ಮಣ್ಣಿಗೆ ಆಸರೆ ಇರಲ್ಲ. ನೀರು ಕುಡಿದ ಮಣ್ಣು ಭಾರವಾಗಿ ಜಾರುತ್ತದೆ. ಜೋಪಾನವಾಗಿ ಗಾಡಿ ಓಡಿಸಿದರೂ ಅದನ್ನು ತಡೆಯಲಾಗುವುದಿಲ್ಲ.

ಹೋದರೂ ಸಿಗುವುದು ಕಮ್ಮಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬಂದರುಗಳಲ್ಲಿ ದೋಣಿ ಕಟ್ಟಿಹಾಕಿರುತ್ತಾರೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಇಲ್ಲ. ದಸರಾ ಗಲಾಟೆ ಮುಗಿದ ವಾರ ಹೊರಡಿ. ಗದ್ದೆ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರು ಇರುತ್ತದೆ, ಸಂಜೆ ಒಂದು ಮಳೆಯೂ ಸಿಗಬಹುದು. ಕಾರವಾರದಿಂದ ಬರುವಾಗ ಕುಮಟಾ ಹತ್ತಿರ ಯಾಣಕ್ಕೆ ಹೋಗಿ. ಕಾಡಿನ ಮಧ್ಯೆ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಲ್ಲಿದ್ದಲಿನಷ್ಟು ಕಪ್ಪು. ಮಂಡ್ಯದ ಅವ್ವನಿಗೆ ಇದನ್ನು ಹೇಳದೆ ಇದ್ದದ್ದು ನಡಿಗೆ ಇದೆ ಅಂತ. ನಿಮಗೆ ನಡಿಗೆ ಕಷ್ಟ ಆಗಲ್ಲ. ಜಿಗಣೆಗೆ ಸ್ವಲ್ಪ ಉಪ್ಪು, ಸುಣ್ಣ ಜೇಬಿನಲ್ಲಿರಲಿ.

ಪ್ರಶ್ನೆ: ಅಂಕಲ್, ನಾವು ನಾಲ್ಕು ಜನ ಫ್ರೆಂಡ್ಸ್ ರಾತ್ರಿಯೆಲ್ಲ ಬೈಕ್ ಓಡಿಸಿ ಗೋಕರ್ಣ ತಲುಪಿ ಸಮುದ್ರದಲ್ಲಿ ಸೂರ್ಯೋದಯ ನೋಡಬೇಕು ಅಂತಿದ್ದೇವೆ. ಎಷ್ಟು ಗಂಟೆಗೆ ಹೊರಡಬೇಕು?
— ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ತಮ್ಮಾ, ಗೋಕರ್ಣದ ಸಮುದ್ರ ಇರುವುದು ಪಶ್ಚಿಮಕ್ಕೆ. ಸೂರ್ಯ ಬೆಳಗ್ಗೆ ನಿಮ್ಮ ಬೆನ್ನ ಹಿಂದಿನ ಗುಡ್ಡದಿಂದ ಬರುತ್ತಾನೆ. ಬೆಳಗ್ಗೆ ತಿಂಡಿ ತಿಂದು ಹೊರಡಿ, ಶಿವಮೊಗ್ಗದಲ್ಲಿ ಮಲಗಿ, ಮಾರನೇ ದಿನ ಸಂಜೆ ಐದಕ್ಕೆ ಕುಡ್ಲೆ ಬೀಚಿನಲ್ಲಿರಿ.