ಜರ್ನಲ್ ಇದ್ದರೂ ಹಳೆಯ ಲೆಕ್ಕ ಯಾಕೆ ಸಿಗಲಿಲ್ಲ?

ಪ್ರಶ್ನೆ: ನಮ್ಮ ಮೆಣಸಿನಕಾಯಿ ಅಡತಿ ಅಂಗಡಿಯ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಲೆಕ್ಕದ ಫೈಲ್ ಮೇಲೆಯೇ ಬೇರೇನೋ ಸೇವ್ ಆಗಿಬಿಟ್ಟಿತು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಜರ್ನಲ್ ಇದೆಯಲ್ಲ, ಹಳೆಯದು ಯಾಕೆ ಸಿಗಲಿಲ್ಲ?
– ಓದುಗರು, ಬ್ಯಾಡಗಿ

ಉತ್ತರ: ಜರ್ನಲ್ ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ. ಅದು ಇರುವುದು ಕರೆಂಟ್ ಹೋದಾಗ ಫೈಲ್ ಸಿಸ್ಟಮ್‌ನ ರಚನೆ ಕೆಡದಂತೆ ಕಾಯಲಿಕ್ಕೆ. ಹಳೆಯ ಪ್ರತಿ ಬೇಕೆಂದರೆ ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಫೈಲ್‌ಗಳು ಹೇಗಿದ್ದವೋ ಹಾಗೇ ಉಳಿಸಿಟ್ಟ ಸ್ಥಿತಿ ಬೇಕು.

ಲೆಕ್ಕದ ಫೈಲ್‌ಗಳಿಗೆ ಬೇರೆ ಪಾರ್ಟಿಶನ್ ಮಾಡಿ, ನಿಲ್ಫ್ಸ್2 (NILFS2) ಎಂಬ ಫೈಲ್ ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಮಾಡಿ. 2009ರಿಂದ ಇದು ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಹಳೆಯ ಬ್ಲಾಕ್ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತ, ತಾನಾಗಿಯೇ ಚೆಕ್‌ಪಾಯಿಂಟ್ (ಆ ಹೊತ್ತಿನ ಸ್ಥಿತಿಯ ಗುರುತು) ಇಡುತ್ತ ಹೋಗುತ್ತದೆ. ಫೈಲ್ ಕೆಟ್ಟದ್ದು ತಿಳಿದ ಕೂಡಲೇ ‘ಎಲ್‌ಎಸ್‌ಸಿಪಿ’ ಕಮಾಂಡ್ ಕೊಟ್ಟರೆ ದಿನಾಂಕ, ವೇಳೆ ಸಮೇತ ಪಟ್ಟಿ ಬರುತ್ತದೆ. ಕೆಡುವ ಮುಂಚಿನ ಚೆಕ್‌ಪಾಯಿಂಟ್‌ನ ಸಂಖ್ಯೆಯನ್ನು ‘ಸಿಎಚ್‌ಸಿಪಿ ಎಸ್‌ಎಸ್’ ಮುಂದೆ ಹಾಕಿದರೆ ಅದು ಸ್ನ್ಯಾಪ್‌ಶಾಟ್ ಆಗುತ್ತದೆ. ‘ಸಿಪಿ=’ ಆಯ್ಕೆಯಲ್ಲಿ ಅದೇ ಸಂಖ್ಯೆ ಕೊಟ್ಟು, ಓದಲಷ್ಟೇ ಬರುವಂತೆ ಬೇರೆ ಫೋಲ್ಡರ್‌ಗೆ ಮೌಂಟ್ ಮಾಡಿ ಫೈಲ್ ಕಾಪಿ ಮಾಡಿಕೊಳ್ಳಿ.

ತಡ ಮಾತ್ರ ಮಾಡಬೇಡಿ. ಬರೀ ಚೆಕ್‌ಪಾಯಿಂಟ್‌ಗೆ ಖಾತ್ರಿ ಇರುವುದು 3600 ಸೆಕೆಂಡ್. ಆಮೇಲೆ ಜಾಗ ಕಡಿಮೆಯಾದರೆ, ಹಳೆಯದನ್ನು ತೆಗೆದು ಜಾಗ ಮಾಡುವ ಕ್ಲೀನರ್ ಪ್ರೋಗ್ರಾಂ ಅದನ್ನು ಅಳಿಸುತ್ತದೆ. ಕ್ಲೀನರ್‌ನ ಕಾನ್ಫಿಗ್ ಫೈಲ್‌ನಲ್ಲಿ ಇದನ್ನು 86400 ಮಾಡಿದರೆ ಒಂದು ದಿನ ಪೂರ್ತಿ ಸಿಗುತ್ತದೆ. ಸ್ನ್ಯಾಪ್‌ಶಾಟ್ ತಾನಾಗಿ ಅಳಿಯುವುದಿಲ್ಲ, ಕೆಲಸ ಮುಗಿದ ಮೇಲೆ ‘ಸಿಎಚ್‌ಸಿಪಿ ಸಿಪಿ’ ಕೊಟ್ಟು ಬಿಡಿಸಿ, ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ. ಡಿಸ್ಕೇ ಕೆಟ್ಟರೆ ಸ್ನ್ಯಾಪ್‌ಶಾಟೂ ಹೋಗುತ್ತದೆ, ಆದ್ದರಿಂದ ದಿನದ ಲೆಕ್ಕ ಮುಗಿದ ಮೇಲೆ ಬೇರೆ ಡಿಸ್ಕ್‌ಗೂ ಒಂದು ಕಾಪಿ ಹಾಕಿಡಿ.